ಸಂಚಾರಿ ವಯರ್‌ಲೆಸ್ ಯಂತ್ರ: ಅದರ ಉಪಯೋಗವೂ ಎಚ್ಚರಿಕೆಯೂ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಕಾಣುವುದಕ್ಕಾಗಿ ಮನೆಗೆ ಬಂದಿದ್ದನು. ತರಗತಿಯಲ್ಲಿದ್ದಾಗ ವಿಜ್ಞಾನದ ಪಾಠದಲ್ಲಿ ಅಷ್ಟೇನೂ ಆಸಕ್ತಿಯನ್ನು ತೋರದಿದ್ದ ಆ ಹುಡುಗನು ಈಗ ಕಪ್ಪುಕಲ್ಲಿನ ಕೋರೆಯೊಂದರಲ್ಲಿ ಟಿಪ್ಪರ್ ಲಾರಿಯನ್ನು ನಡೆಸುತ್ತಾನೆ. ಲಾರಿಯಲ್ಲಿ ವಯರ್‌ಲೆಸ್ ಯಂತ್ರವಿದೆಯೆಂದೂ, ಮೇಸ್ತ್ರಿಯೂ ಚಾಲಕರೂ ಅದರ ಮೂಲಕವೇ ಮಾತನಾಡುವರೆಂದೂ ಹೆಮ್ಮೆಯಿಂದ ಹೇಳಿದನು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೆ ಒದಗಿದ್ದ ಒಂದು ಗಂಡಾಂತರವನ್ನು ವಿವರಿಸಿದನು.

ಒಂದು ದಿನ ಅವನು ಮಣ್ಣು ಸುರಿಯುವುದಕ್ಕಾಗಿ ಲಾರಿಯನ್ನು ಹಿಮ್ಮುಖವಾಗಿ ನಡೆಸುತ್ತಿದ್ದನು. ಹಿಂದೆ ಆಳವಾದ ಹೊಂಡ. ಅಂಚಿನ ಬಳಿ ನಿಂತು ದಾರಿ ತೋರಿಸುತ್ತಿದ್ದವನು ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದ ಒಬ್ಬ ಕೂಲಿಯಾಳು. ಅವನ ಕೈಯಲ್ಲಿಯೂ ಒಂದು ಸಣ್ಣ ವಯರ್‌ಲೆಸ್ ಇತ್ತು. "ಇನ್ನೂ ಹಿಂದಕ್ಕೆ ಬರಬೇಕೇ?" ಎಂದು ನಮ್ಮ ಹುಡುಗನು ಕೇಳಿದನು. "ಬೇಡ" ಎಂದು ಆತನು ಉತ್ತರಿಸಿದನು. ಎಂಜಿನಿನ ಗದ್ದಲದಲ್ಲಿ, ಯಂತ್ರದ ಕರಕರ ಶಬ್ದದಲ್ಲಿ, ಮನೆಯಲ್ಲಿ ತುಳು ಮಾತನಾಡುವ ನಮ್ಮ ಹುಡುಗನ ಕಿವಿಗೆ ಅದು "ಬೋಡು" ಎಂದು ಬಿದ್ದಿತು. ಕನ್ನಡದ ಬೇಡವೆಂಬುದು ನಿಷೇಧ. ತುಳುವಿನ ಬೋಡು ಎಂಬುದು ಬೇಕೆಂಬ ಅರ್ಥದ ಮಾತು. ಅವನು ಲಾರಿಯನ್ನು ಇನ್ನೂ ಹಿಂದಕ್ಕೆ ಬಿಟ್ಟನು. ಅಂಚಿನಲ್ಲಿ ಹಾಕಿದ್ದ ಕಲ್ಲುಮಣ್ಣಿನ ದಿಬ್ಬಕ್ಕೆ ಹಿಂದಿನ ಗಾಲಿ ತಾಗಿ ಲಾರಿ ನಿಂತಿತು. "ಆ ದಿಬ್ಬ ಇಲ್ಲದಿರುತ್ತಿದ್ದರೆ ನಾನು ಇಂದು ನಿಮ್ಮನ್ನು ಕಾಣಲು ಬರುತ್ತಿರಲಿಲ್ಲ ಸರ್" ಎಂದನು.

ಆ ಮಾತು ನನ್ನ ಮನಸ್ಸಿನಲ್ಲಿ ನಿಂತುಹೋಯಿತು. ನಮ್ಮ ಶಾಲೆಯಿಂದ ಹೊರಬಿದ್ದ ಹುಡುಗರಲ್ಲಿ ಎಷ್ಟೋ ಮಂದಿ ಚಾಲಕರಾಗಿದ್ದಾರೆ. ಕೆಲವರು ರೋಗಿಗಳನ್ನು ಸಾಗಿಸುವ ಗಾಡಿಗಳಲ್ಲಿ, ಕೆಲವರು ಬಂದರುಗಳಲ್ಲಿ, ಕೆಲವರು ಕೊಲ್ಲಿ ರಾಷ್ಟ್ರಗಳ ಕಾಮಗಾರಿಗಳಲ್ಲಿ ಇದ್ದಾರೆ. ಈ ಯಂತ್ರವು ಅವರ ಕೈಗೆ ಬರುವುದು ಸಹಜ. ಅದನ್ನು ಹೇಗೆ ಉಪಯೋಗಿಸಬೇಕೆಂದು ಯಾರಾದರೂ ಮೊದಲೇ ತಿಳಿಸಿದ್ದರೆ ಒಳ್ಳೆಯದಲ್ಲವೇ ಎಂದು ತೋರಿ, ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಯಂತ್ರದ ಪರಿಚಯ

ಮನೆಯ ರೇಡಿಯೋ ಕೇವಲ ಕೇಳುತ್ತದೆ, ಮಾತನಾಡುವುದಿಲ್ಲ. ವಯರ್‌ಲೆಸ್ ಯಂತ್ರವಾದರೋ ಕೇಳುವುದನ್ನೂ ಹೇಳುವುದನ್ನೂ ಎರಡನ್ನೂ ಬಲ್ಲುದು. ನಾವು ಆಡಿದ ಮಾತನ್ನು ಅದು ವಿದ್ಯುತ್ಕಾಂತ ಅಲೆಗಳ ಮೇಲೆ ಹೇರಿ ಆಕಾಶಕ್ಕೆ ಬಿಡುತ್ತದೆ. ಈ ಅಲೆಗಳು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಿಂದ ಹೋಗುತ್ತವೆ. ಇಂಥ ಅಲೆಗಳು ಇರುವುವೆಂಬುದನ್ನು 1887-88ರಲ್ಲಿ ಜರ್ಮನಿಯ ಹರ್ಟ್ಸ್ ಎಂಬ ವಿಜ್ಞಾನಿಯು ಪ್ರಯೋಗದಿಂದ ತೋರಿಸಿಕೊಟ್ಟನು. ಅವನ ಹೆಸರಿನಿಂದಲೇ ಕಂಪನಗಳ ಸಂಖ್ಯೆಯನ್ನು ಇಂದಿಗೂ ಎಣಿಸುತ್ತೇವೆ.

ಗಾಡಿಯ ವಯರ್‌ಲೆಸ್‌ಗಳಲ್ಲಿ ಅನೇಕವು 150 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಕೆಲಸಮಾಡುತ್ತವೆ. ಅಂದರೆ ಸೆಕೆಂಡಿಗೆ 15 ಕೋಟಿ ಕಂಪನಗಳು. ಅಲೆಯ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿರಿ; ಒಂದು ಅಲೆಯ ಉದ್ದ 2 ಮೀಟರ್ ಎಂದು ದೊರೆಯುತ್ತದೆ. ಅದರ ಕಾಲುಭಾಗ ಅರ್ಧ ಮೀಟರ್. ಪೊಲೀಸ್ ಜೀಪಿನ ತಲೆಯ ಮೇಲೆ ಅರ್ಧ ಮೀಟರ್ ಉದ್ದದ ಸರಳೊಂದು ಅಲ್ಲಾಡುತ್ತಿರುವುದನ್ನು ನೀವು ಕಂಡಿರಬಹುದು. ಅದರ ಉದ್ದಕ್ಕೆ ಕಾರಣ ಈ ಲೆಕ್ಕವೇ ಆಗಿದೆ.

ಈ ಯಂತ್ರಕ್ಕೂ ಮೊಬೈಲು ಫೋನಿಗೂ ಒಂದು ಮುಖ್ಯವಾದ ಭೇದವುಂಟು. ಫೋನಿನಲ್ಲಿ ಇಬ್ಬರೂ ಏಕಕಾಲದಲ್ಲಿ ಮಾತನಾಡಬಹುದು. ವಯರ್‌ಲೆಸ್‌ನಲ್ಲಿ ಹಾಗಾಗದು. ಮೈಕಿನ ಗುಂಡಿಯನ್ನು ಒತ್ತಿದಾಗ ಯಂತ್ರವು ಹೇಳುತ್ತದೆ, ಬಿಟ್ಟಾಗ ಕೇಳುತ್ತದೆ. ಒತ್ತಿ ಹಿಡಿದಿರುವಷ್ಟು ಕಾಲ ಅದು ಕಿವುಡಾಗಿರುತ್ತದೆ. ನಮ್ಮೂರ ತೋಡುಗಳ ಮೇಲಿನ ಕಿರಿದಾದ ಸೇತುವೆಯನ್ನು ನೆನೆಯಿರಿ. ಒಂದು ಸಲಕ್ಕೆ ಒಂದೇ ಗಾಡಿ ಹೋಗಬೇಕು. ಎರಡೂ ಕಡೆಯಿಂದ ನುಗ್ಗಿದರೆ ಯಾರೂ ದಾಟಲಾರರು. ಹಾಗೆಯೇ ಒಂದು ಗುಂಪಿನ ಯಂತ್ರಗಳೆಲ್ಲ ಒಂದೇ ಚಾನೆಲಿನಲ್ಲಿರುವುದರಿಂದ, ಒಬ್ಬನು ಗುಂಡಿ ಒತ್ತಿದರೆ ಮಿಕ್ಕವರೆಲ್ಲರೂ ಕಾಯಬೇಕಾಗುತ್ತದೆ.

ಹಿಂದಣ ಕಥೆ

ಗಾಡಿಗಳಲ್ಲಿ ವಯರ್‌ಲೆಸ್ಸನ್ನು ಇಟ್ಟು ಬಹಳ ಹಿಂದೆಯೇ ಪ್ರಯೋಜನ ಪಡೆದವರಲ್ಲಿ ಅಮೇರಿಕಾದ ಪೊಲೀಸರೂ ಸೇರಿದ್ದಾರೆ. 1928ರಲ್ಲಿ ಡೆಟ್ರಾಯಿಟ್ ನಗರದ ಪೊಲೀಸ್ ಕಾರುಗಳಲ್ಲಿ ರೇಡಿಯೋ ಬಂದಿತು. ಆದರೆ ಅದು ಕೇಳುವ ಯಂತ್ರ ಮಾತ್ರವಾಗಿತ್ತು. ಕಾರಿನವರು ಉತ್ತರ ಕೊಡಬೇಕಾದರೆ ಎಲ್ಲಿಯಾದರೂ ಟೆಲಿಫೋನನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. 1933ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಬೇಯೋನ್ ಎಂಬ ಊರಿನ ಪೊಲೀಸರು ಎರಡೂ ಕಡೆಯಿಂದ ಮಾತನಾಡಬಲ್ಲ ಯಂತ್ರಗಳನ್ನು ಕಾರುಗಳಲ್ಲಿ ಕೂರಿಸಿದರು.

ಈಗ ಮನೆಮನೆಗೂ ಮೊಬೈಲು ಬಂದಿರುವಾಗ ಈ ಹಳೆಯ ಯಂತ್ರವೇಕೆ ಎಂದು ಕೆಲವರು ಕೇಳಬಹುದು. ಮೊಬೈಲು ನಡೆಯಬೇಕಾದರೆ ಗೋಪುರಗಳು ನಿಂತಿರಬೇಕು, ಅವುಗಳಿಗೆ ವಿದ್ಯುತ್ತು ಇರಬೇಕು. 2004ರ ಸುನಾಮಿಯಲ್ಲಿ ಅಂಡಮಾನ್ ದ್ವೀಪಗಳ ಸಂಪರ್ಕ ಕಡಿದುಹೋದಾಗಲೂ, 2018ರಲ್ಲಿ ಕೇರಳದ ಮಹಾಪ್ರವಾಹದ ಕಾಲದಲ್ಲಿಯೂ ಹವ್ಯಾಸಿ ವಯರ್‌ಲೆಸ್‌ಗಾರರು ತಮ್ಮ ಯಂತ್ರಗಳ ಮೂಲಕ ಸುದ್ದಿಗಳನ್ನು ಮುಟ್ಟಿಸಿ ಜನಸೇವೆಯನ್ನು ಮಾಡಿದರು. ಇದಲ್ಲದೆ, ಒಬ್ಬನು ಆಡಿದ ಮಾತನ್ನು ಗುಂಪಿನವರೆಲ್ಲರೂ ಒಂದೇ ಕ್ಷಣದಲ್ಲಿ ಕೇಳುವ ಸೌಕರ್ಯವು ಈ ಯಂತ್ರದಲ್ಲಿದೆ. ಆದುದರಿಂದಲೇ ಪೊಲೀಸರು, ಅಗ್ನಿಶಾಮಕ ದಳದವರು, ಅರಣ್ಯ ಇಲಾಖೆಯವರು, ಕೋರೆ ಬಂದರುಗಳವರು ಇದನ್ನು ಇಂದಿಗೂ ಬಿಟ್ಟಿಲ್ಲ.

ಮೊದಲು ರಸ್ತೆ, ಆಮೇಲೆ ಮಾತು

ಗಾಡಿಯ ವಯರ್‌ಲೆಸ್‌ನಿಂದ ಒದಗಬಹುದಾದ ಅಪಾಯಗಳಲ್ಲಿ ಅತ್ಯಂತ ದೊಡ್ಡದು ಅಲೆಗಳದ್ದೂ ಅಲ್ಲ, ವಿದ್ಯುತ್ತಿನದ್ದೂ ಅಲ್ಲ. ಚಾಲಕನ ಮನಸ್ಸು ರಸ್ತೆಯನ್ನು ಬಿಟ್ಟುಹೋಗುವುದೇ ಆಗಿದೆ. ಒಂದು ಲೆಕ್ಕವನ್ನು ಮಾಡಿ ನೋಡೋಣ. ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಮುಂದೆ ಹೋಗುತ್ತದೆ. ಚಾಲಕನು ತಲೆ ತಗ್ಗಿಸಿ ಚಾನೆಲಿನ ಗುಂಡಿಯನ್ನು ಹುಡುಕುವುದಕ್ಕೆ ಮೂರೇ ಮೂರು ಸೆಕೆಂಡು ಹಿಡಿಯಿತೆನ್ನಿರಿ. ಅಷ್ಟರಲ್ಲಿ ಗಾಡಿಯು 50 ಮೀಟರ್ ದೂರವನ್ನು ಕಣ್ಣು ಕಟ್ಟಿಕೊಂಡವನ ಹಾಗೆ ದಾಟಿರುತ್ತದೆ. ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ಆ 50 ಮೀಟರಿನೊಳಗೆ ಎಷ್ಟು ಮಕ್ಕಳು ನಡೆದುಹೋಗುತ್ತಿರುತ್ತಾರೆಂಬುದನ್ನು ತಂದೆತಾಯಿಗಳು ಯೋಚಿಸಬೇಕು.

ಆದುದರಿಂದ ಈ ಕ್ರಮವನ್ನು ಅನುಸರಿಸತಕ್ಕದ್ದು. ಗಾಡಿ ಹೊರಡುವ ಮೊದಲೇ ಯಂತ್ರವನ್ನು ಹಚ್ಚಿ, ಚಾನೆಲನ್ನೂ ಧ್ವನಿಯ ಮಟ್ಟವನ್ನೂ ಸರಿಪಡಿಸಿಕೊಳ್ಳಬೇಕು. ಓಡುತ್ತಿರುವಾಗ ಕರೆ ಬಂದರೆ ಗಾಬರಿಪಡುವ ಕಾರಣವಿಲ್ಲ. ಮೊದಲು ಸುರಕ್ಷಿತವಾದ ಸ್ಥಳವನ್ನು ನೋಡಿ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಅನಂತರ ಉತ್ತರ ಕೊಡಬೇಕು. ಪಕ್ಕದಲ್ಲಿ ಜತೆಗಾರನಿದ್ದರೆ ಮೈಕನ್ನು ಅವನ ಕೈಗೆ ಕೊಡುವುದು ಇನ್ನೂ ಉತ್ತಮ. ವಿಳಾಸವನ್ನೋ ನಂಬರನ್ನೋ ಬರೆದುಕೊಳ್ಳಬೇಕಾದರೆ ಗಾಡಿ ನಿಂತಿರಲೇಬೇಕು. ಕರೆಯುವವರಿಗೂ ಒಂದು ಕರ್ತವ್ಯವುಂಟು: ಉತ್ತರ ತಡವಾದರೆ ಸಿಟ್ಟಾಗಕೂಡದು. ಚಾಲಕನು ತಡಮಾಡಿದನೆಂದರೆ ಅವನು ತನ್ನ ಮುಖ್ಯವಾದ ಕೆಲಸವನ್ನು ಮಾಡುತ್ತಿದ್ದಾನೆಂದು ತಿಳಿಯಬೇಕು.

ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯು, ವಾಹನವನ್ನು ನಡೆಸುತ್ತಿರುವಾಗ ಕೈಯಲ್ಲಿ ಹಿಡಿಯುವ ಸಂಪರ್ಕಸಾಧನಗಳ ಬಳಕೆಯನ್ನು ಅಪಾಯಕಾರಿ ಚಾಲನೆಯ ಸಾಲಿನಲ್ಲಿ ಸೇರಿಸಿದೆ. ಆದರೆ ದಂಡದ ಭಯಕ್ಕಿಂತಲೂ ಎದುರಿನಿಂದ ಬರುವವನ ಪ್ರಾಣದ ಚಿಂತೆಯೇ ನಮ್ಮನ್ನು ತಡೆಯಬೇಕು.

ಯಂತ್ರವನ್ನು ಕೂರಿಸುವ ಕ್ರಮ

ಎಷ್ಟೋ ಗಾಡಿಗಳಲ್ಲಿ ಈ ಯಂತ್ರವನ್ನು ಸೀಟಿನ ಮೇಲೆ ಸುಮ್ಮನೆ ಇಟ್ಟಿರುತ್ತಾರೆ, ಇಲ್ಲವೆ ಹಗ್ಗದಿಂದ ಕಟ್ಟಿರುತ್ತಾರೆ. ಇದು ದೊಡ್ಡ ತಪ್ಪು. ಗಾಡಿಯು ಯಾವುದಕ್ಕಾದರೂ ಡಿಕ್ಕಿ ಹೊಡೆದು ಥಟ್ಟನೆ ನಿಂತಿತೆನ್ನಿರಿ. ಗಾಡಿ ನಿಂತರೂ ಒಳಗಿರುವ ಬಿಡಿ ವಸ್ತುಗಳು ನಿಲ್ಲುವುದಿಲ್ಲ. ಮೊದಲಿದ್ದ ವೇಗದಲ್ಲಿಯೇ ಮುಂದಕ್ಕೆ ಹಾರುತ್ತವೆ. ಇದು ನ್ಯೂಟನ್ನನ ಮೊದಲನೆಯ ನಿಯಮವೆಂದು ಒಂಬತ್ತನೆಯ ತರಗತಿಯವರು ಬಲ್ಲರು. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ, ಸುಮಾರು 10 ಮೀಟರ್ ಎತ್ತರದಿಂದ ಕೆಳಗೆ ಬಿದ್ದ ವಸ್ತುವು ನೆಲವನ್ನು ಮುಟ್ಟುವಾಗ ಪಡೆಯುವ ವೇಗ. 10 ಮೀಟರ್ ಎತ್ತರದ ತೆಂಗಿನ ಮರದಿಂದ ಕಾಯಿ ಕಳಚಿ ತಲೆಯ ಮೇಲೆ ಬಿದ್ದರೆ ಏನಾಗುವುದೆಂದು ನಮ್ಮೂರಿನವರಿಗೆ ವಿವರಿಸಬೇಕಾಗಿಲ್ಲ. ಕಟ್ಟದೆ ಇಟ್ಟ ವಯರ್‌ಲೆಸ್ ಯಂತ್ರವೂ ಅಂಥದೇ ಒಂದು ತೆಂಗಿನಕಾಯಿ.

ಆದುದರಿಂದ ಯಂತ್ರವನ್ನು ಲೋಹದ ಚೌಕಟ್ಟಿನಲ್ಲಿಟ್ಟು ಬೋಲ್ಟುಗಳಿಂದ ಬಿಗಿಯಬೇಕು. ಚಾಲಕನ ಮೊಣಕಾಲಿಗೆ ತಾಗುವಂತೆಯಾಗಲಿ, ಎದುರಿನ ರಸ್ತೆಯನ್ನು ಮರೆಮಾಡುವಂತೆಯಾಗಲಿ ಇರಕೂಡದು. ಮೈಕಿನ ಸುರುಳಿತಂತಿಯು ಸ್ಟಿಯರಿಂಗಿಗೆ ಸಿಕ್ಕಿಕೊಳ್ಳದ ಹಾಗೆ ಕೊಕ್ಕೆಯನ್ನು ಹಾಕಬೇಕು. ಹೊಸ ಗಾಡಿಗಳಲ್ಲಿ ಅಪಘಾತವಾದರೆ ಗಾಳಿಚೀಲಗಳು ಉಬ್ಬಿ ಹೊರಬರುತ್ತವೆ. ಒಂದು ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಅಲ್ಪಕಾಲದಲ್ಲಿ ಅವು ಬಿಚ್ಚಿಕೊಳ್ಳುತ್ತವೆ. ಆ ಚೀಲದ ಮುಚ್ಚಳದ ಮೇಲೋ ಅದು ಉಬ್ಬುವ ದಾರಿಯಲ್ಲೋ ಯಂತ್ರವನ್ನಿಟ್ಟರೆ, ಕಾಯಬೇಕಾದ ಚೀಲವೇ ಅದನ್ನು ಗುಂಡಿನಂತೆ ಮುಖಕ್ಕೆ ಎಸೆಯುವುದು.

ವಿದ್ಯುತ್ತಿನ ಜೋಡಣೆಯೂ ಸರಿಯಾಗಿರಬೇಕು. 25 ವ್ಯಾಟ್ ಶಕ್ತಿಯ ಯಂತ್ರವು ಮಾತನಾಡುವಾಗ ಬ್ಯಾಟರಿಯಿಂದ ಐದರಿಂದ ಎಂಟು ಆಂಪಿಯರುಗಳಷ್ಟು ವಿದ್ಯುತ್ತನ್ನು ಎಳೆಯುತ್ತದೆ. ತೆಳ್ಳಗಿನ ತಂತಿಯು ಇದನ್ನು ತಾಳಲಾರದೆ ಕಾಯುತ್ತದೆ. ಆದುದರಿಂದ ದಪ್ಪ ತಂತಿಯನ್ನು ಹಾಕಿ, ಬ್ಯಾಟರಿಗೆ ತೀರ ಸಮೀಪದಲ್ಲಿಯೇ ಫ್ಯೂಸನ್ನು ಇಡಬೇಕು. ತಂತಿಯು ಎಲ್ಲಿಯಾದರೂ ಉಜ್ಜಿ ಸುಲಿದು ಗಾಡಿಯ ಮೈಗೆ ತಾಗಿದರೆ ಫ್ಯೂಸು ಕರಗಿ ಬೆಂಕಿಯನ್ನು ತಪ್ಪಿಸುವುದು. ಸುಟ್ಟ ಫ್ಯೂಸಿಗೆ ಬದಲಾಗಿ ತಾಮ್ರದ ತಂತಿಯನ್ನು ಸುತ್ತುವ ಜಾಣತನವು ಮನೆಯನ್ನು ಸುಟ್ಟ ಜಾಣತನವೇ ಸರಿ. ಕಾರುಗಳ ಬ್ಯಾಟರಿ 12 ವೋಲ್ಟಿನದು, ದೊಡ್ಡ ಲಾರಿಗಳದು ಸಾಮಾನ್ಯವಾಗಿ 24 ವೋಲ್ಟಿನದು ಎಂಬುದನ್ನೂ ಮರೆಯಬಾರದು. 12 ವೋಲ್ಟಿನ ಯಂತ್ರವನ್ನು ಲಾರಿಗೆ ನೇರವಾಗಿ ಜೋಡಿಸಿದರೆ ಯಂತ್ರವು ಹಾಳಾಗುವುದು. ನಡುವೆ ವೋಲ್ಟನ್ನು ಇಳಿಸುವ ಉಪಕರಣವಿರಬೇಕು.

ಅಲೆಗಳ ವಿಷಯ

ರೇಡಿಯೋ ಅಲೆಗಳ ವಿಷಯದಲ್ಲಿ ಜನರಲ್ಲಿ ಎರಡು ಬಗೆಯ ತಪ್ಪು ತಿಳುವಳಿಕೆಗಳಿವೆ. ಅವು ಎಕ್ಸ್‌ರೇ ಕಿರಣಗಳಂತೆ ದೇಹದ ಕಣಗಳನ್ನು ಒಡೆಯುತ್ತವೆಂದು ಕೆಲವರು ಹೆದರುತ್ತಾರೆ. ಇದು ಸರಿಯಲ್ಲ, ಅಷ್ಟು ಶಕ್ತಿ ಆ ಅಲೆಗಳ ಕಣಗಳಿಗಿಲ್ಲ. ಅವುಗಳಿಂದ ಏನೂ ಆಗುವುದಿಲ್ಲವೆಂದು ಮತ್ತೆ ಕೆಲವರು ಏರಿಯಲನ್ನು ಹಿಡಿದು ನಿಲ್ಲುತ್ತಾರೆ. ಇದೂ ಸರಿಯಲ್ಲ. ಬಲವಾದ ರೇಡಿಯೋ ಅಲೆಗಳು ದೇಹವನ್ನು ಒಳಗಿನಿಂದ ಬಿಸಿಮಾಡುತ್ತವೆ. ರಕ್ತಸಂಚಾರ ಕಡಿಮೆಯಿರುವ ಅಂಗಗಳು, ಮುಖ್ಯವಾಗಿ ಕಣ್ಣು, ಈ ಬಿಸಿಯನ್ನು ಬೇಗನೆ ಹೊರಹಾಕಲಾರವು. ಯಂತ್ರವು ಪ್ರಸಾರಮಾಡುತ್ತಿರುವಾಗ ಬರಿಯ ಏರಿಯಲನ್ನು ಮುಟ್ಟಿದರೆ ಚರ್ಮವೂ ಸುಡಬಹುದು.

ಇದಕ್ಕೆ ಪರಿಹಾರ ಸುಲಭವಾದದ್ದು: ದೂರ. ದೂರವು ಎರಡರಷ್ಟಾದರೆ ಅಲೆಗಳ ತೀವ್ರತೆಯು ಸುಮಾರು ಕಾಲುಭಾಗಕ್ಕಿಳಿಯುತ್ತದೆ. ಆದುದರಿಂದ ಏರಿಯಲನ್ನು ಲೋಹದ ಛಾವಣಿಯ ನಡುಮಧ್ಯದಲ್ಲಿ ನಿಲ್ಲಿಸುವುದು ಒಳ್ಳೆಯದು. ಹಾಗೆ ಮಾಡಿದರೆ ಛಾವಣಿಯ ತಗಡು ಒಳಗಿರುವವರಿಗೆ ಮರೆಯಾಗುತ್ತದೆ. ಮಾತೂ ದೂರ ಹೋಗುತ್ತದೆ. ಹೊರಗೆ ನಿಂತವರು ಎಷ್ಟು ದೂರವಿರಬೇಕೆಂಬುದನ್ನು ತಯಾರಕರು ಯಂತ್ರದ ಕೈಪಿಡಿಯಲ್ಲಿ ಅಚ್ಚುಮಾಡಿರುತ್ತಾರೆ. ಅದನ್ನು ಓದಿ ನಡೆಯತಕ್ಕದ್ದು. ಗಾಡಿಗೆ ಒರಗಿಕೊಂಡು ಮಕ್ಕಳು ನಿಂತಿದ್ದರೆ ಅವರನ್ನು ದೂರ ಸರಿಸಿದ ಮೇಲೆಯೇ ಗುಂಡಿಯನ್ನು ಒತ್ತಬೇಕು. ಏರಿಯಲ್ ಇಲ್ಲದಾಗ, ಇಲ್ಲವೆ ಮುರಿದಿರುವಾಗ ಪ್ರಸಾರಮಾಡಕೂಡದು. ಹೊರಹೋಗಲಾರದ ಶಕ್ತಿಯು ಹಿಂದಿರುಗಿ ಯಂತ್ರವನ್ನೇ ಕೆಡಿಸುವುದು. ಉದ್ದವಾದ ಏರಿಯಲುಳ್ಳ ಗಾಡಿಯು ತಗ್ಗಾದ ವಿದ್ಯುತ್ ತಂತಿಗಳ ಕೆಳಗೆ ಹೋಗುವಾಗಲೂ ಎಚ್ಚರವಿರಬೇಕು.

ಸಿಡಿಮದ್ದು ಮತ್ತು ಪೆಟ್ರೋಲು

1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ನಮ್ಮ ದೇಶದ ಮಹಾವಿಜ್ಞಾನಿ ಜಗದೀಶಚಂದ್ರ ಬೋಸರು ತಂತಿಯಿಲ್ಲದೆ ಅಲೆಗಳನ್ನು ಕಳುಹಿಸಿ, ಗೋಡೆಯಾಚೆ ಗಂಟೆಯನ್ನು ಬಾರಿಸಿದರು. ದೂರದಲ್ಲಿಟ್ಟ ಮದ್ದಿನ ಪುಡಿಯನ್ನೂ ಹೊತ್ತಿಸಿದರು. ಅವರು ಬೇಕೆಂದೇ ತೋರಿಸಿದ ಈ ಸೋಜಿಗವು ಕೋರೆಗಳಲ್ಲಿ ಯಾರೂ ಬಯಸದೆ ನಡೆದುಬಿಡಬಹುದಾದ ಅನಾಹುತವನ್ನು ನೆನಪಿಗೆ ತರುತ್ತದೆ.

ಬಂಡೆಯನ್ನು ಒಡೆಯುವುದಕ್ಕೆ ವಿದ್ಯುತ್ತಿನಿಂದ ಸಿಡಿಯುವ ಕೇಪುಗಳನ್ನು ಉಪಯೋಗಿಸುವುದುಂಟು. ಕೇಪಿನಿಂದ ಹೊರಟ ಎರಡು ಉದ್ದ ತಂತಿಗಳು ನೆಲದ ಮೇಲೆ ಹರಡಿಕೊಂಡಿರುತ್ತವೆ. ಆ ತಂತಿಗಳು ತಮಗರಿಯದೆಯೇ ಏರಿಯಲಿನ ಕೆಲಸವನ್ನು ಮಾಡಬಲ್ಲವು. ಹತ್ತಿರದಲ್ಲಿ ಗಾಡಿಯೊಂದು ವಯರ್‌ಲೆಸ್‌ನಲ್ಲಿ ಮಾತನಾಡಿದರೆ, ಅಲೆಗಳಿಂದ ಆ ತಂತಿಗಳಲ್ಲಿ ವಿದ್ಯುತ್ತು ಹುಟ್ಟಿ, ಕೇಪು ಅಕಾಲದಲ್ಲಿ ಸಿಡಿಯಬಹುದು. ಆಗ ಬಂಡೆಯ ಬಳಿ ಕೆಲಸಗಾರರು ಇನ್ನೂ ಇದ್ದಾರು. ಆದುದರಿಂದಲೇ ಇಂಥ ಸ್ಥಳಗಳಲ್ಲಿ ವಯರ್‌ಲೆಸ್ಸನ್ನು ನಿಲ್ಲಿಸಿರೆಂಬ ಫಲಕವನ್ನು ಹಾಕುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವುಂಟು. "ನಾನು ಗುಂಡಿ ಒತ್ತಲಿಲ್ಲವಲ್ಲ, ಯಂತ್ರ ಸುಮ್ಮನೆ ಕೇಳುತ್ತಿರಲಿ" ಎಂದು ಚಾಲಕನು ಭಾವಿಸಬಹುದು. ಈಗಿನ ಹೊಸ ಯಂತ್ರಗಳಲ್ಲಿ ಕೆಲವು, ಗಾಡಿ ಎಲ್ಲಿದೆಯೆಂಬ ಸಮಾಚಾರವನ್ನು ಯಾರೂ ಒತ್ತದೆ ತಾವಾಗಿಯೇ ಕಳುಹಿಸುತ್ತಿರುತ್ತವೆ. ಆದುದರಿಂದ ಮಾತನಾಡದಿರುವುದು ಸಾಲದು; ಯಂತ್ರವನ್ನು ಪೂರ್ತಿಯಾಗಿ ಆರಿಸಬೇಕು. ಎಷ್ಟು ದೂರದಲ್ಲಿ ಆರಿಸಬೇಕೆಂಬುದನ್ನು ಮದ್ದಿನ ಹೊಣೆಗಾರನೇ ನಿಶ್ಚಯಿಸಬೇಕು. ಅವನು ತಿಳಿಸದೆ ಮತ್ತೆ ಹಚ್ಚಕೂಡದು. ಪೆಟ್ರೋಲು ತುಂಬಿಸುವ ಸ್ಥಳಗಳಲ್ಲಿಯೂ, ಉರಿಯುವ ಅನಿಲವು ಸೋರಿರಬಹುದಾದ ಸ್ಥಳಗಳಲ್ಲಿಯೂ ಇದೇ ನಿಯಮವನ್ನು ಪಾಲಿಸಬೇಕು.

ಮಾತಿನ ಶಿಸ್ತು

ಇನ್ನು ನಮ್ಮ ಹಳೆಯ ವಿದ್ಯಾರ್ಥಿಯ ಕಥೆಗೆ ಮರಳೋಣ. ಅವನ ಯಂತ್ರವು ಸರಿಯಾಗಿತ್ತು, ಬ್ಯಾಟರಿ ಸರಿಯಾಗಿತ್ತು, ಲಾರಿಯೂ ಸರಿಯಾಗಿತ್ತು. ಕೆಟ್ಟದ್ದು ಮಾತು. ಬೇರೆಲ್ಲ ಅಪಾಯಗಳನ್ನು ಸರಕಾರವೋ ಮಾಲಿಕನೋ ತಪ್ಪಿಸಬಹುದು. ಮಾತಿನ ಅಪಾಯವನ್ನು ಮಾತನಾಡುವವನೇ ತಪ್ಪಿಸಬೇಕು.

ಇದರ ಭೀಕರವಾದ ಉದಾಹರಣೆಯು ವಿಮಾನಗಳ ಚರಿತ್ರೆಯಲ್ಲಿದೆ. 1977ನೆಯ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟವಾದ ಮಂಜು ಕವಿದಿತ್ತು. ಡಚ್ಚರ ಒಂದು ಭಾರಿ ವಿಮಾನವು ಓಡುದಾರಿಯ ತುದಿಯಲ್ಲಿ ಹೊರಡಲು ಸಿದ್ಧವಾಗಿ ನಿಂತಿತ್ತು. ಅಮೇರಿಕಾದ ಇನ್ನೊಂದು ಭಾರಿ ವಿಮಾನವು ಅದೇ ಓಡುದಾರಿಯ ಮೇಲೆ ಇನ್ನೂ ಚಲಿಸುತ್ತಿತ್ತು. ಕಾದಿರುವಂತೆ ಗೋಪುರದವರು ಹೇಳಿದ ಮಾತೂ, ತಾವಿನ್ನೂ ದಾರಿಯ ಮೇಲೆಯೇ ಇದ್ದೇವೆಂದು ಅಮೇರಿಕಾದ ವಿಮಾನದವರು ಹೇಳಿದ ಮಾತೂ ಒಂದೇ ಕ್ಷಣದಲ್ಲಿ ಹೊರಟವು. ಎರಡು ಪ್ರಸಾರಗಳು ಒಂದರ ಮೇಲೊಂದು ಬಿದ್ದುದರಿಂದ ಡಚ್ ಚಾಲಕರಿಗೆ ಒಂದು ಕರ್ಕಶವಾದ ಕೀರಲು ಸದ್ದು ಕೇಳಿಸಿತು, ಮಾತು ಸ್ಪಷ್ಟವಾಗಲಿಲ್ಲ. ತಮಗೆ ಅನುಮತಿ ದೊರೆತಿದೆಯೆಂದು ಭಾವಿಸಿದ ಅವರ ವಿಮಾನವು ಓಡಿಬಂದು ಡಿಕ್ಕಿ ಹೊಡೆಯಿತು. 583 ಮಂದಿ ಮರಣ ಹೊಂದಿದರು. ಆ ದುರಂತದ ತರುವಾಯ ವಿಮಾನಗಳ ವಯರ್‌ಲೆಸ್ ಮಾತಿನ ನಿಯಮಗಳನ್ನು ಬಿಗಿಗೊಳಿಸಲಾಯಿತು. ಹೊರಡುವುದು ಎಂಬರ್ಥದ ಶಬ್ದವನ್ನು ನಿಜವಾಗಿ ಅನುಮತಿ ಕೊಡುವಾಗ, ಇಲ್ಲವೆ ಕೊಟ್ಟ ಅನುಮತಿಯನ್ನು ಹಿಂದೆಗೆಯುವಾಗ ಹೊರತು ಬೇರೆಲ್ಲಿಯೂ ಬಳಸಬಾರದೆಂದು ವಿಧಿಸಿದರು.

ವಿಮಾನಕ್ಕೆ ಹೇಳಿದ್ದು ಲಾರಿಗೂ ಸಲ್ಲುತ್ತದೆ. ಅದರಿಂದ ನಾವು ಕಲಿಯಬೇಕಾದ ಪಾಠಗಳು ಇವು:

1. ಮೊದಲು ಕೇಳು, ಆಮೇಲೆ ಹೇಳು. ಚಾನೆಲಿನಲ್ಲಿ ಬೇರೆಯವರು ಮಾತನಾಡುತ್ತಿದ್ದರೆ ಅವರು ಮುಗಿಸುವವರೆಗೆ ಕಾಯಬೇಕು. ಅಪಾಯದ ಕರೆಗೆ ಮಾತ್ರ ಎಲ್ಲರೂ ದಾರಿ ಬಿಡಬೇಕು.

2. ಗುಂಡಿಯನ್ನು ಒತ್ತಿ ಒಂದು ಕ್ಷಣ ತಡೆದು ಮಾತನಾಡಬೇಕು. ಮಾತು ಮುಗಿದ ಮೇಲೆಯೇ ಗುಂಡಿಯನ್ನು ಬಿಡಬೇಕು. ನಮ್ಮ ಕನ್ನಡದಲ್ಲಿ ಇದಕ್ಕೆ ವಿಶೇಷವಾದ ಕಾರಣವುಂಟು. ಇಂಗ್ಲಿಷಿನಲ್ಲಿ ನಿಷೇಧದ ಶಬ್ದವು ಕ್ರಿಯಾಪದಕ್ಕಿಂತ ಮೊದಲೇ ಬರುತ್ತದೆ. ಕನ್ನಡದಲ್ಲಾದರೋ ಕೊನೆಗೆ ಬರುತ್ತದೆ. "ಹಿಂದಕ್ಕೆ ಬರಬೇಡ" ಎಂಬಲ್ಲಿ ಕೊನೆಯ ಎರಡಕ್ಷರ ತುಂಡಾದರೆ ನಿಷೇಧವೇ ಹೋಗಿಬಿಡುತ್ತದೆ. ಉಳಿಯುವುದು "ಹಿಂದಕ್ಕೆ ಬರ" ಎಂಬುದು ಮಾತ್ರ.

3. ಅಪಾಯದ ಸಂದರ್ಭದಲ್ಲಿ ಬೇಕು, ಬೇಡ ಎಂಬ ಶಬ್ದಗಳನ್ನು ಬಿಡಬೇಕು. ತುಳುವಿನ ಬೋಡು, ಬೊಡ್ಚಿ. ಮಲಯಾಳದ ವೇಣಂ, ವೇಂಡ. ಕನ್ನಡದ ಬೇಕು, ಬೇಡ. ಇವೆಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಗದ್ದಲದಲ್ಲಿ ಒಂದನ್ನೊಂದು ಹೋಲುತ್ತವೆ. ನಾಲ್ಕಾರು ಭಾಷೆಗಳನ್ನು ಕೇಳಿ ಬೆಳೆದ ನಮ್ಮ ಗಡಿನಾಡಿನ ಮಕ್ಕಳಿಗೆ ಅದು ದೊಡ್ಡ ಸಂಪತ್ತು. ಆದರೆ ವಯರ್‌ಲೆಸ್‌ನಲ್ಲಿ ಅದೇ ಸಂಪತ್ತು ಗೊಂದಲವನ್ನೂ ತರಬಲ್ಲುದು. ಆದುದರಿಂದ "ನಿಲ್ಲು, ನಿಲ್ಲು" ಎಂದು ಎರಡು ಸಲ ಹೇಳುವುದೇ ಸರಿ. ಯಾವ ಕೆಲಸಕ್ಕೆ ಯಾವ ಶಬ್ದವೆಂಬುದನ್ನು ಕೆಲಸದ ಮೊದಲೇ ಎಲ್ಲರೂ ಕೂಡಿ ಗೊತ್ತುಮಾಡಿಕೊಳ್ಳಬೇಕು.

4. ಅಂಕೆಗಳನ್ನು ಬಿಡಿಬಿಡಿಯಾಗಿ ಹೇಳಬೇಕು. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ಒಂದೇ ಸ್ವರದ ವ್ಯತ್ಯಾಸ. "ಎರಡು, ಸೊನ್ನೆ" ಎಂದರೂ "ಏಳು, ಸೊನ್ನೆ" ಎಂದರೂ ಸಂಶಯಕ್ಕೆ ಎಡೆಯಿಲ್ಲ.

5. ಕೇಳಿದ್ದನ್ನು ತಿರುಗಿ ಹೇಳಬೇಕು. ಸರಿ, ಆಯಿತು ಎಂದರೆ ಸಾಲದು. ಏನು ಆಯಿತೆಂದು ಹೇಳಬೇಕು. "ನಿಲ್ಲಿಸಿದ್ದೇನೆ" ಎಂದು ಉತ್ತರ ಬಂದಾಗಲೇ ಹೇಳಿದವನ ಕೆಲಸ ಮುಗಿಯುವುದು. ನಮ್ಮ ಹುಡುಗನು "ಇನ್ನೂ ಹಿಂದಕ್ಕೆ ಬರುತ್ತೇನೆ" ಎಂದು ತಿರುಗಿ ಹೇಳಿ ಒಂದು ಕ್ಷಣ ಕಾದಿದ್ದರೆ, ಆ ಕಡೆಯವನು ಕೂಗಿ ತಡೆಯುತ್ತಿದ್ದನು.

6. ಸಂಶಯವಿದ್ದರೆ ಗಾಡಿಯನ್ನು ನಿಲ್ಲಿಸಬೇಕು. ಮಾತು ಅರ್ಥವಾಗದಿದ್ದಾಗ ಊಹಿಸಿ ನಡೆಯುವುದಕ್ಕಿಂತ, ನಿಂತು ಇನ್ನೊಮ್ಮೆ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

7. ಹರಟೆಗೆ ಈ ಯಂತ್ರವನ್ನು ಉಪಯೋಗಿಸಕೂಡದು. ಮೈಕಿನ ಗುಂಡಿಯು ಸೀಟಿನ ಸಂದಿಯಲ್ಲಿ ಸಿಕ್ಕಿ ಒತ್ತಿಹೋದರೂ ಚಾನೆಲು ಮುಚ್ಚಿಹೋಗುತ್ತದೆ. ಆ ಹೊತ್ತಿಗೆ ಯಾರಾದರೂ ಸಹಾಯಕ್ಕಾಗಿ ಕೂಗಿದರೆ ಯಾರಿಗೂ ಕೇಳಿಸದು. ಆದುದರಿಂದ ಮಾತು ಮುಗಿದೊಡನೆ ಮೈಕನ್ನು ಕೊಕ್ಕೆಗೆ ಹಾಕಬೇಕು.

ಹಡಗುಗಳವರೂ ವಿಮಾನಗಳವರೂ ಪ್ರಾಣಾಪಾಯದಲ್ಲಿ "ಮೇಡೇ" ಎಂದು ಮೂರು ಸಲ ಕೂಗುತ್ತಾರೆ. ನನಗೆ ಸಹಾಯಮಾಡಿರಿ ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದ ಈ ಶಬ್ದವನ್ನು 1927ರಲ್ಲಿ ಅಂತರರಾಷ್ಟ್ರೀಯವಾಗಿ ಅಂಗೀಕರಿಸಿದರು. ಯಾವ ದೇಶದವನು ಯಾವ ಗದ್ದಲದಲ್ಲಿ ಕೇಳಿದರೂ ಬೇರೆ ಮಾತೆಂದು ಭ್ರಮಿಸಬಾರದೆಂಬುದೇ ಅದರ ತತ್ತ್ವ. ಒಂದು ಕೋರೆಯ ಹತ್ತು ಮಂದಿ ಕೆಲಸಗಾರರೂ ತಮ್ಮೊಳಗೆ ಅಂಥ ಒಂದು ಶಬ್ದವನ್ನು ನಿಶ್ಚಯಿಸಿಕೊಳ್ಳಬಹುದಲ್ಲವೇ?

ಕಾಯಿದೆಯ ಒಂದು ಮಾತು

ಆಕಾಶದ ಅಲೆಗಳು ಕಣ್ಣಿಗೆ ಕಾಣದಿದ್ದರೂ ಅವು ಸಾರ್ವಜನಿಕ ಸೊತ್ತು. 1933ರ ವಯರ್‌ಲೆಸ್ ಕಾಯಿದೆಯ ಕಾಲದಲ್ಲಿ ಹೇಗೋ ಹಾಗೆಯೇ 2023ರ ದೂರಸಂಪರ್ಕ ಕಾಯಿದೆಯ ಕಾಲದಲ್ಲಿಯೂ, ಅವುಗಳ ಹಂಚಿಕೆಯು ಕೇಂದ್ರ ಸರಕಾರದ ಅಧಿಕಾರಕ್ಕೆ ಸೇರಿದ್ದು. ಗಾಡಿಗಳಲ್ಲಿಡುವ ಬಲವಾದ ಯಂತ್ರಗಳನ್ನು ಸರಿಯಾದ ಅನುಮತಿಯಿಲ್ಲದೆ ಉಪಯೋಗಿಸುವುದು ಅಪರಾಧ. ಅಗ್ಗವಾಗಿ ದೊರೆಯಿತೆಂದು ಎಲ್ಲಿಂದಲೋ ಒಂದು ಯಂತ್ರವನ್ನು ತಂದು ಮಾತನಾಡತೊಡಗಿದರೆ, ಪೊಲೀಸರ ಅಥವಾ ಅಗ್ನಿಶಾಮಕರ ಮಾತಿಗೆ ನಾವೇ ಅಡ್ಡಬಂದೇವು.

ಪೋಷಕರಲ್ಲಿಯೂ ಮಕ್ಕಳಲ್ಲಿಯೂ ವಿನಂತಿ

ಮಗನು ಗಾಡಿ ನಡೆಸುವ ಹೊತ್ತೆಂದು ತಿಳಿದಿದ್ದರೆ, ಪೋಷಕರು ದಯವಿಟ್ಟು ಆಗ ಅವನಿಗೆ ಫೋನು ಮಾಡಬೇಡಿರಿ. ವಯರ್‌ಲೆಸ್‌ಗೆ ಹೇಳಿದ ಮಾತೆಲ್ಲ ಫೋನಿಗೂ ಸಲ್ಲುತ್ತದೆ. "ಉಂಡೆಯಾ?" ಎಂಬ ಪ್ರೀತಿಯ ಮಾತು ಅರ್ಧ ಗಂಟೆ ತಡವಾದರೆ ನಷ್ಟವೇನೂ ಇಲ್ಲ.

ವಿದ್ಯಾರ್ಥಿಗಳಿಗೆ ಒಂದು ಆಟವನ್ನು ಹೇಳಿಕೊಡುತ್ತೇನೆ. ನಮ್ಮ ಶಾಲೆಯ ಅಂಗಳದಲ್ಲಿ ಎಂಟನೆಯ ತರಗತಿಯವರೊಡನೆ ಇದನ್ನು ಆಡಿಸಿ ನೋಡಿದ್ದೇನೆ. ಇಬ್ಬರು ಬೆನ್ನಿಗೆ ಬೆನ್ನು ಮಾಡಿ ಕುಳಿತುಕೊಳ್ಳಬೇಕು. ಒಬ್ಬನ ಕೈಯಲ್ಲಿ ಒಂದು ಚಿತ್ರ. ಇನ್ನೊಬ್ಬನ ಕೈಯಲ್ಲಿ ಬರಿಯ ಕಾಗದ. ಮೊದಲನೆಯವನು ಮಾತಿನಿಂದಲೇ ಚಿತ್ರವನ್ನು ತಿಳಿಸಬೇಕು; ಎರಡನೆಯವನು ಪ್ರತಿಯೊಂದು ಮಾತನ್ನೂ ತಿರುಗಿ ಹೇಳಿ ಅನಂತರ ಬರೆಯಬೇಕು. ಸುತ್ತಲೂ ಉಳಿದವರು ಗದ್ದಲ ಮಾಡುತ್ತಿರಲಿ. ತಿರುಗಿ ಹೇಳದೆ ಬರೆದಾಗ ಮನೆಯು ಮರವಾಗುತ್ತದೆ, ಎಡವು ಬಲವಾಗುತ್ತದೆ; ತಿರುಗಿ ಹೇಳಿ ಬರೆದಾಗ ಚಿತ್ರವು ಚಿತ್ರವಾಗಿಯೇ ಬರುತ್ತದೆ. ಮಕ್ಕಳು ನಕ್ಕು ನಕ್ಕು ಕಲಿಯುವ ಈ ಪಾಠವು ಮುಂದೆ ಅವರ ಪ್ರಾಣವನ್ನು ಉಳಿಸಬಹುದು.

ಆ ಹಳೆಯ ವಿದ್ಯಾರ್ಥಿಯು ಹೊರಡುವಾಗ ನಾನು ಅವನಿಗೆ ಹೇಳಿದ್ದು ಇಷ್ಟೇ: "ಮೊದಲು ರಸ್ತೆ, ಆಮೇಲೆ ಮಾತು. ಮೊದಲು ಕೇಳು, ಆಮೇಲೆ ಹೇಳು." ಅವನು ಅದನ್ನು ಹಾಗೆಯೇ ತಿರುಗಿ ಹೇಳಿ, ನಮಸ್ಕರಿಸಿ, ಹೋದನು.